ಮಕ್ಕಳ ರಕ್ತ ಕ್ಯಾನ್ಸರ್: ನಡುವೆಯೇ ನಿಲ್ಲುವ ಚಿಕಿತ್ಸೆ

ಮಕ್ಕಳನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ರಕ್ತ ಕ್ಯಾನ್ಸರ್‌ನದೇ ಅಗ್ರಸ್ಥಾನ. ಅದರಲ್ಲೂ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಹೆಚ್ಚು. ಶ್ರೀಮಂತ ರಾಷ್ಟ್ರಗಳಲ್ಲಿ ಇದಕ್ಕೆ ತುತ್ತಾದ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ವಿನ್‌ಕ್ರಿಸ್ಟೀನ್, ಮೆಥೋಟ್ರೆಕ್ಸೇಟ್ ಮುಂತಾದ ಮೂಲ ಔಷಧಿಗಳು ದಶಕಗಳಷ್ಟು ಹಳೆಯವು; ಆದರೂ ಬಡ ದೇಶಗಳಲ್ಲಿ ಅವು ಸದಾ ಲಭ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಜಂಟಿ ಯೋಜನೆಯಡಿ 2025ರಲ್ಲಿ ಮಂಗೋಲಿಯಾ, ಉಜ್ಬೇಕಿಸ್ತಾನಗಳಿಗೆ ಉಚಿತ ಪೂರೈಕೆ ಆರಂಭವಾಯಿತು.

ಔಷಧಿ ದೊರೆತ ಮಾತ್ರಕ್ಕೆ ಕೆಲಸ ಮುಗಿಯದು. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯಬೇಕು. ಜ್ವರ ಇಳಿದು ಮಗು ಆಟವಾಡತೊಡಗಿದರೆ ರೋಗ ಹೋಯಿತೆಂದೇ ಭಾವಿಸುವ ಪೋಷಕರುಂಟು (ಹಾಗೆ ಭಾವಿಸುವುದು ಸಹಜವೂ ಹೌದು). ಪ್ರಯಾಣದ ಖರ್ಚು, ಕೂಲಿಯ ನಷ್ಟ ತಾಳಲಾರದೆ ಊರಿಗೆ ಮರಳುವವರೂ ಇದ್ದಾರೆ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ರೋಗ ಮರುಕಳಿಸುತ್ತದೆ.

ಈ ದೃಷ್ಟಿಯಿಂದ ಈಶಾನ್ಯ ಬ್ರೆಜಿಲ್‌ನ ರೆಸಿಫೆ ನಗರದ ಅನುಭವ ಗಮನಾರ್ಹ. 1980ರ ದಶಕದಲ್ಲಿ ಅಲ್ಲಿ ಶೇ. 16ರಷ್ಟು ಮಕ್ಕಳು ಚಿಕಿತ್ಸೆಯನ್ನು ನಡುವೆಯೇ ತೊರೆದಿದ್ದರು. ಐದು ವರ್ಷ ರೋಗ ಮರುಕಳಿಸದೆ ಬದುಕಿದವರು ಶೇ. 32 ಮಾತ್ರ. ಸೇಂಟ್ ಜೂಡ್ ನೆರವಿನಿಂದ ಪ್ರತ್ಯೇಕ ಘಟಕ, ತರಬೇತಿ ಪಡೆದ ದಾದಿಯರು, ಕುಟುಂಬಗಳಿಗೆ ವಸತಿ ಮತ್ತು ಪ್ರಯಾಣದ ನೆರವು ಒದಗಿದವು. ಔಷಧಿಕ್ರಮವೂ ಸುಧಾರಿಸಿತು, ನಿಜ. 1997ರಿಂದ 2002ರ ಅವಧಿಯಲ್ಲಿ ಚಿಕಿತ್ಸೆ ತೊರೆದವರು ಶೇ. 0.5, ರೋಗಮುಕ್ತರಾಗಿ ಉಳಿದವರು ಶೇ. 63.