ಐವನ್‌ಹೋ ಕಾಲದಲ್ಲಿ ನಮ್ಮ ಕಡೆ ಯಾರಿದ್ದರು?

ಈ ಸಲದ ಕಥೆ ಇಂಗ್ಲೆಂಡಿನಲ್ಲಿ ಶುರುವಾಗಿ ನಮ್ಮ ತಿಪಟೂರು ಸೀಮೆಯ ತೆಂಗಿನ ತೋಟಕ್ಕೆ ಬಂದು ನಿಲ್ಲುತ್ತೆ. ಸ್ವಲ್ಪ ತಾಳ್ಮೆ ಇರಲಿ.

1819ರಲ್ಲಿ ವಾಲ್ಟರ್ ಸ್ಕಾಟ್ ‘ಐವನ್‌ಹೋ’ ಕಾದಂಬರಿ ಹೊರತಂದ. ಕವಚ ತೊಟ್ಟ ಕುದುರೆ ಸವಾರರು, ಈಟಿ ಕಾಳಗ, ಮಾರುವೇಷದಲ್ಲಿ ಬರುವ ರಾಜ ರಿಚರ್ಡ್. ನೈಟ್ ಅಂದ್ರೆ ಇವತ್ತಿಗೂ ನಮ್ಮ ಕಣ್ಣ ಮುಂದೆ ಬರೋ ಚಿತ್ರದಲ್ಲಿ ಅವನ ಪಾಲು ದೊಡ್ಡದು. 1865ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂದಾಗ ಇದು ಐವನ್‌ಹೋ ನೆರಳು ಅಂದವರಿದ್ದರು, ಬಂಕಿಮರು ಒಪ್ಪಲಿಲ್ಲ. ಅದನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ಹಾಗಾಗಿ ಆ ಗಾಳಿ ನಮಗೆ ತೀರಾ ಹೊಸದಲ್ಲ.

ಐವನ್‌ಹೋ ಕಥೆ ನಡೆಯೋದು 1194ರಲ್ಲಿ. ಆಗ ನಮ್ಮ ಕಡೆ ಇದ್ದದ್ದು ಹೊಯ್ಸಳ ಇಮ್ಮಡಿ ವೀರಬಲ್ಲಾಳ, 1173ರಿಂದ 1220ರವರೆಗೆ. ವಿಘ್ನಸಂತೆ ಲಕ್ಷ್ಮೀನರಸಿಂಹನ ಗುಡಿ ಅವನ ಮರಿಮಗನ ಕಾಲದ್ದು. ಅಂದ್ರೆ ಅಲ್ಲಿ ನೈಟ್‌ಗಳು ಕಾದಾಡ್ತಿದ್ದಾಗ ಇಲ್ಲೂ ಕತ್ತಿ ಹಿಡಿದವರಿದ್ದರು.

ಕಾದಂಬರಿಯಲ್ಲಿ ನನಗೆ ಹಿಡಿಸಿದ್ದು ಒಂದು ಕಿಟಕಿ. ಗಾಯಗೊಂಡ ಐವನ್‌ಹೋ ಕೋಟೆಯೊಳಗೆ ಮಲಗಿದ್ದಾನೆ. ಯಹೂದಿ ಹುಡುಗಿ ರೆಬೆಕ್ಕ ಕಿಟಕಿಯಲ್ಲಿ ನಿಂತು ಹೊರಗಿನ ಕದನ ನೋಡಿ ಹೇಳ್ತಾಳೆ. ಕೊನೆಗೆ ಕೇಳೇ ಬಿಡ್ತಾಳೆ: ಇಷ್ಟು ರಕ್ತ ಸುರಿಸಿ ನಿಮಗೆ ಉಳಿಯೋದೇನು? ಗೋರಿ ಮೇಲೆ ತುಕ್ಕು ಹಿಡಿದ ಕವಚ, ಓದೋಕಾಗದಷ್ಟು ಸವೆದ ಬರಹ, ಅಷ್ಟೇ ತಾನೆ? ಐವನ್‌ಹೋಗೆ ಸಿಟ್ಟು ಬರುತ್ತೆ. ಸರಿಯಾದ ಉತ್ತರ ಮಾತ್ರ ಬರಲ್ಲ.

ನಮ್ಮ ಕಲ್ಲುಗಳ ಹತ್ತಿರ ಉತ್ತರ ಇದೆ. ವೀರಗಲ್ಲು ನೋಡಿರ್ತೀರಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯೋದು, ಮೇಲೆ ಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯಚಂದ್ರ. ಎಷ್ಟೋ ಕಲ್ಲುಗಳ ವೀರ ಸತ್ತಿರೋದು ರಾಜನಿಗಾಗಿ ಅಲ್ಲ, ತುರುಗೋಳಿನಲ್ಲಿ, ಅಂದ್ರೆ ಊರ ದನ ಹೊಡ್ಕೊಂಡು ಹೋಗೋರನ್ನು ತಡೆಯೋಕೆ ಹೋಗಿ. ಸತ್ತವನ ಮನೆಯವರಿಗೆ ಭೂಮಿ ಕೊಡ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಉಂಡ ಅನ್ನದ ಋಣ ತೀರಿಸೋದಕ್ಕೆ ಜೋಳವಾಳಿ ಅನ್ನೋ ಮಾತಿತ್ತು. ನಾನು ಓದಿರೋದು ಬಿಕಾಂ, ನನಗೆ ಇದು ಲೆಡ್ಜರ್ ಥರಾನೇ ಕಾಣುತ್ತೆ. ಜೀವ ಒಂದು ಕಡೆ, ಜಮೀನು ಇನ್ನೊಂದು ಕಡೆ. ಒರಟು ಲೆಕ್ಕ, ಆದರೆ ಸತ್ತವನ ಹೆಂಡತಿ ಮಕ್ಕಳಿಗೆ ಊಟಕ್ಕೆ ದಾರಿ ಇತ್ತು.

ಅರಸೀಕೆರೆ ದಾಟಿ ಹಳೇಬೀಡಿಗೆ ಹೋದರೆ ಲೆಕ್ಕ ಬದಲಾಗುತ್ತೆ. ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬ ಗೈಡ್‌ಗಳು ಬೇಗ ಬೇಗ ತೋರಿಸಿ ಮುಂದೆ ಹೋಗೋ ಕಂಬ. ಗರುಡರು ಅಂದ್ರೆ ರಾಜನ ಜೊತೆಗೇ ಸಾಯೋ ಭಾಷೆ ಕೊಟ್ಟವರು. ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಪ್ರಾಣ ಕೊಟ್ಟ. ಜೊತೆಗೆ ಹೆಂಡತಿ ಸುಗ್ಗಲದೇವಿ. ಜೊತೆಗೆ ಸಾವಿರ ವೀರರು ಅನ್ನುತ್ತೆ ಶಾಸನ. ಕಂಬದ ಸುತ್ತ ತಮ್ಮ ತಲೆ ತಾವೇ ಕಡಿದುಕೊಳ್ಳೋರ ಚಿತ್ರಗಳಿವೆ.

ಅದನ್ನು ಸ್ವಾಮಿಭಕ್ತಿ ಅಂತ ಹೊಗಳೋಕೆ ನನ್ನ ಬಾಯಿ ಬರಲ್ಲ. ಬಲ್ಲಾಳ ಆಗಲೇ ಹೋಗಿದ್ದ, ಅವನನ್ನು ಉಳಿಸೋಕೆ ಸತ್ತವರಲ್ಲ ಇವರು. ಆ ಸಾವಿರದಲ್ಲಿ ಎಷ್ಟು ಜನ ಮನಸಾರೆ ಹೋದರು, ಎಷ್ಟು ಜನ ನಾಚಿಕೆಗೆ ಹೆದರಿ ಹೋದರು, ಕಲ್ಲು ಹೇಳಲ್ಲ. ಸುಗ್ಗಲದೇವಿಗೆ ಒಂದು ಕಿಟಕಿ ಸಿಕ್ಕಿದ್ದರೆ ರೆಬೆಕ್ಕನ ಪ್ರಶ್ನೆ ಕೇಳ್ತಿದ್ದಳೋ ಏನೋ. ಹೊಯ್ಸಳರ ಮೇಲೆ ಕನ್ನಡದಲ್ಲಿ ಒಳ್ಳೇ ಕಾದಂಬರಿಗಳಿವೆ, ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು, ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು. ರಾಣಿಯ ಹೆಸರು ಮನೆಮಾತಾಯ್ತು. ದನಕ್ಕಾಗಿ ಸತ್ತವನ ಮೇಲೆ ಅಂಥದ್ದೊಂದು ದಪ್ಪ ಪುಸ್ತಕ ಬಂದಿದ್ದರೆ ಚೆನ್ನಾಗಿತ್ತು.

ಬಿ.ಎಲ್. ರೈಸ್ 1904ರಲ್ಲೇ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ನಿಮ್ಮ ಊರಿನ ಹೆಸರು ಅದರಲ್ಲಿದೆಯಾ ನೋಡಿ. ತೋಟದ ಬದುವಿನಲ್ಲಿ ಕಲ್ಲಿದ್ದರೆ ಬಣ್ಣ ಬಳೀಬೇಡಿ, ಉಜ್ಜಬೇಡಿ. ಸಂಜೆ ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತೆ, ಆಗ ಫೋಟೋ ತೆಗೀರಿ.