ಪಾರಿಜಾತದ ಎಸಳು ಎಣಿಸಿದವರು

ಜೀವವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ದುಬಾರಿ ಯಂತ್ರಗಳು, ಬಿಳಿ ಕೋಟು, ವಿದೇಶಕ್ಕೆ ಹೊರಟ ವಿಮಾನ, ಅಲ್ಲವೇ? ಆ ವಿಮಾನವನ್ನು ತಿರುಗಾಮುರುಗಾ ಹತ್ತಿದವರೊಬ್ಬರ ಕಥೆ ಇದು.

ಜೆ.ಬಿ.ಎಸ್. ಹಾಲ್ಡೇನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಬಿಟ್ಟು 1957ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಡಾರ್ವಿನ್ನನ ವಿಕಾಸವಾದಕ್ಕೆ ಲೆಕ್ಕದ ಬುನಾದಿ ಹಾಕಿದ ಮೂವರಲ್ಲಿ ಇವರೂ ಒಬ್ಬರು. ಮ್ಯಾಂಚೆಸ್ಟರ್‌ನಲ್ಲಿ 1848ರ ಹೊತ್ತಿಗೆ ಅಪರೂಪವಾಗಿದ್ದ ಒಂದು ಕಪ್ಪು ಪತಂಗ ಐವತ್ತು ವರ್ಷಗಳಲ್ಲಿ ಎಲ್ಲೆಲ್ಲೂ ತುಂಬಿಕೊಂಡಿತ್ತು. ಹಾಗಾಗಲು ಕಪ್ಪು ಪತಂಗಗಳು ತಿಳಿಬಣ್ಣದವುಗಳಿಗಿಂತ ಸುಮಾರು ಒಂದೂವರೆ ಪಟ್ಟು ಸಂತತಿ ಉಳಿಸಿರಬೇಕು ಎಂದು ಹಾಲ್ಡೇನ್ 1924ರಲ್ಲೇ ಲೆಕ್ಕ ಕಟ್ಟಿದ್ದರು. ತಮಾಷೆಯೆಂದರೆ, ಈ ಮೇಷ್ಟ್ರಿಗೆ ಜೀವವಿಜ್ಞಾನದಲ್ಲಿ ಪದವಿಯೇ ಇರಲಿಲ್ಲ! ಆಕ್ಸ್‌ಫರ್ಡಿನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್, ಲ್ಯಾಟಿನ್ ಮತ್ತು ತತ್ವಶಾಸ್ತ್ರ.

ಬಡ ದೇಶದಲ್ಲಿ ಸಂಶೋಧನೆ ಹೇಗೆ? ಕಣ್ಣು, ಪೆನ್ಸಿಲ್, ತಾಳ್ಮೆ ಇದ್ದರೆ ಸಾಕು ಎಂದು ಅವರು ತೋರಿಸಿಕೊಟ್ಟರು. ಎಸ್.ಕೆ. ರಾಯ್ ಪಾರಿಜಾತದ ಹೂಗಳ ಎಸಳು ಎಣಿಸುತ್ತ ಕೂತರು. ಒಂದೇ ಗಿಡದ ಹೂಗಳಲ್ಲೂ ಎಸಳಿನ ಲೆಕ್ಕ ಒಂದೇ ಇರುವುದಿಲ್ಲ. ನೀವೂ ಎಣಿಸಿ ನೋಡಿ. ಟಿ.ಎ. ಡೇವಿಸ್ ತೆಂಗಿನ ಗರಿಗಳು ಎಡಕ್ಕೆ ಸುತ್ತುತ್ತವೋ ಬಲಕ್ಕೋ ಎಂದು ಮರಮರ ನೋಡಿದರು. ತಾಯಿಮರದ ಸುತ್ತು ಸಸಿಗೆ ಬರುವುದಿಲ್ಲವೆಂದು ಕಂಡಿತು. ನನಗೆ ಹೆಚ್ಚು ಹಿಡಿಸಿದ್ದು ಕೃಷ್ಣ ದ್ರೋಣಂರಾಜು ಮಾಡಿದ ಕೆಲಸ. ಬೇಲಿಸಾಲಿನ ಲಂಟಾನದ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಅವರು ಗುರುತು ಹಾಕಿಕೊಂಡರು. ಒಂದು ಜಾತಿಯ ಚಿಟ್ಟೆ ಒಂದೇ ಬಣ್ಣದ ಹೂವನ್ನೇ ಹುಡುಕಿ ಹೋದರೆ, ಆ ಬಣ್ಣದ ಪರಾಗ ಅದೇ ಬಣ್ಣಕ್ಕೆ ಸೇರುತ್ತದೆ. ಹೀಗೇ ನಡೆದರೆ ಒಂದೇ ಬೇಲಿಯಲ್ಲಿ ಒಂದು ಸಸ್ಯ ಎರಡು ಜಾತಿಯಾಗಿ ಒಡೆಯಬಹುದಲ್ಲ! ಈ ಪ್ರಶ್ನೆ 1960ರಲ್ಲಿ 'ನೇಚರ್' ಪತ್ರಿಕೆ ಸೇರಿತು.

ಎಲ್ಲವೂ ಸುಖವಾಗಿರಲಿಲ್ಲ. ನಿರ್ದೇಶಕ ಮಹಲನೋಬಿಸರೊಂದಿಗೆ ಮನಸ್ತಾಪವಾಗಿ ಹಾಲ್ಡೇನ್ 1961ರಲ್ಲಿ ಹೊರಬಂದರು. ಭಾರತದ ಪ್ರಜೆಯಾಗಿ, ಭುವನೇಶ್ವರದಲ್ಲಿ ಹೊಸ ಪ್ರಯೋಗಾಲಯ ಕಟ್ಟುತ್ತಿರುವಾಗಲೇ 1964ರ ಡಿಸೆಂಬರ್ 1ರಂದು ಕ್ಯಾನ್ಸರಿನಿಂದ ತೀರಿಕೊಂಡರು. ದೇಹ ಅವರ ಇಚ್ಛೆಯಂತೆ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಹೋಯಿತು.

ಅವರು ಲಂಡನ್ನಿನಿಂದ ಜೊತೆಗೇ ತಂದಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್' ಮುಂದೆ ಕೆಲವು ವರ್ಷ ನಿಂತುಹೋಯಿತು. 1985ರಲ್ಲಿ ಅದನ್ನು ಮತ್ತೆ ಶುರು ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ.