ಮೆಹರ್

ಬೆಳಗಾವಿ, ಖಾನಾಪುರದ ಕಡೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಓಡಾಡುವ ಪದವಿದು. ನಿಕಾಹ್ ವೇಳೆ ವರ ವಧುವಿಗೆ ಕೊಡಲು ಒಪ್ಪುವ ಹಣ, ಚಿನ್ನ ಅಥವಾ ಆಸ್ತಿಯೇ ಮೆಹರ್. ಮೂಲ ಅರಬ್ಬಿಯ ‘ಮಹ್ರ್’. ಹೀಬ್ರೂವಿನ ‘ಮೋಹರ್’ ಇದರ ದಾಯಾದಿ. ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿ ಇದೇ ಅರ್ಥಕ್ಕೆ ‘ಸದುಖಾತ್’ ಎಂಬ ಬೇರೆ ಪದವಿದೆ. ಹೆಂಗಸರಿಗೇ ಕೊಡಿ ಎಂಬುದು ಅಲ್ಲಿಯ ಆದೇಶ, ತಂದೆಗಲ್ಲ, ಅಣ್ಣನಿಗಲ್ಲ.

ನಾವು ಆಡುವ ‘ಮೆಹರ್ಬಾನಿ’ಗೂ ಇದಕ್ಕೂ ನಂಟಿಲ್ಲ. ಅದು ಪಾರಸಿ, ಅರ್ಥ ದಯೆ. ಮೆಹರ್ ದಯೆಯಲ್ಲ, ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ ವಾರಸುದಾರರು ಆಸ್ತಿ ಹಂಚಿಕೊಳ್ಳುವ ಮೊದಲೇ ಅದು ಸಲ್ಲಬೇಕು.

ಇನ್ನೊಂದು ತೊಡಕು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಕೂಡಲೇ ಕೊಡುವ ಮೆಹರೂ, ತಲಾಖ್ ಅಥವಾ ಸಾವಿನವರೆಗೆ ಬಾಕಿ ಇಡುವ ಮೆಹರೂ ಕನ್ನಡ ಲಿಪಿಯಲ್ಲಿ ‘ಮುಅಜ್ಜಲ್’ ಎಂದೇ ಆಗುತ್ತವೆ. ಅರಬ್ಬಿಯಲ್ಲಿ ಒಂದು ‘ಅವಸರ’ದಿಂದ ಬಂದದ್ದು, ಇನ್ನೊಂದು ‘ಗಡುವಿ’ನಿಂದ. ನಿಕಾಹ್‌ನಾಮಾದಲ್ಲಿ ‘ಕೂಡಲೇ’, ‘ಬಾಕಿ’ ಎಂದು ಬಿಡಿಸಿ ಬರೆಸಿಕೊಳ್ಳಿ.

1937ರ ಶರಿಯತ್ ಕಾಯ್ದೆ ಮೆಹರನ್ನು ಹೆಸರಿಸಿಯೇ ಹೇಳಿದೆ. ಮೊತ್ತ ಚಿಕ್ಕದಾದರೆ? 1991ರಲ್ಲಿ ತಲಾಖ್ ನೀಡಿದ ಒಬ್ಬರ ಪ್ರಕರಣದಲ್ಲಿ ಮೆಹರ್ ಇದ್ದದ್ದು 5,000 ರೂಪಾಯಿ. ಅಲ್ಲಿಗೆ ತನ್ನ ಹೊಣೆ ಮುಗಿಯಿತೆಂಬ ಗಂಡನ ವಾದವನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2021ರಲ್ಲಿ ಒಪ್ಪಲಿಲ್ಲ. ನಿರ್ಗತಿಕಳಾದ ಮಾಜಿ ಪತ್ನಿಗೆ ಜೀವನಾಂಶ ಕೊಡಬೇಕೆಂದರು. ಬೆಳಗಾವಿ, ಖಾನಾಪುರದ ಮೇಲ್ಮನವಿಗಳು ಹೋಗುವುದೂ ಇದೇ ಹೈಕೋರ್ಟಿನ ಧಾರವಾಡ ಪೀಠಕ್ಕೆ.